ಮೊದಲ ಮಳೆಗೆ ಮುಂಚೆ ಟೈಲ್ಸ್

ಗದಗ-ಬೆಟಗೇರಿಯಲ್ಲಿ ಮನೆ ಖರೀದಿಗೆ ಹೊರಟವರಿಗೆ ರೊಕ್ಕ ಕೊಡುವವರು ಕಡಿಮೆ, ಬುದ್ಧಿ ಹೇಳುವವರು ಬಹಳ. ವಿಚಿತ್ರವೆಂದರೆ ಒಂದು ವಿಷಯದಲ್ಲಿ ಅವರೆಲ್ಲರದೂ ಒಂದೇ ಮಾತು. ದಲಾಲಿ, ಬೀಗರು, ಸಾಲದ ಏಜೆಂಟ, ಟೈಲ್ಸ್ ಅಂಗಡಿಯವ, ಕೊನೆಗೆ ಗೌಂಡಿ ಕೂಡ ಇದನ್ನೇ ಹೇಳುತ್ತಾರೆ: “ಹೆಂಗೂ ಸಾಲಾ ಮಾಡೇ ಬಿಟ್ಟೀರಿ. ಅದರ ಜೋಡಿ ಇನ್ನೊಂದು ನಾಕೈದು ಲಕ್ಷ ತಗೀರಿ. ಫರಸಿ ಕಿತ್ತು ಟೈಲ್ಸ್ ಹಾಕಸ್ರಿ, ಅಡಗಿಮನಿ ಹೊಸಾದು ಮಾಡಸ್ರಿ, ಮ್ಯಾಲೆ ಪಿಓಪಿ ಹೊಡಸ್ರಿ. ಆಮ್ಯಾಲೆ ವಾಸ್ತುಶಾಂತಿ ಮಾಡ್ಕೊಂಡು ಒಳಗ ಹೋಗ್ರಿ. ಒಮ್ಮೆ ಸಾಮಾನು ಹೊಕ್ಕಮ್ಯಾಲೆ ಏನೂ ಆಗಂಗಿಲ್ಲ.”

ಲಕ್ಷ್ಮೇಶ್ವರದ ಬಜಾರದಲ್ಲೂ ಮುಂಡರಗಿಯ ಚಹಾದಂಗಡಿಯಲ್ಲೂ ಶಿರಹಟ್ಟಿಯ ಕಟ್ಟೆಯ ಮೇಲೂ ಕೇಳುವುದು ಇದೇ ಮಾತು. ಹೇಳಿ ಹೇಳಿ ಅದು ಲೋಕರೂಢಿಯೇ ಆಗಿಹೋಗಿದೆ. ಗಂಟಿನಲ್ಲಿ ನಗದು ಇಟ್ಟುಕೊಂಡವನಿಗೆ ಈ ಸಲಹೆ ತಪ್ಪೇನಲ್ಲ. ಆದರೆ ಬೆಲೆಯ ಹತ್ತರಲ್ಲೊಂದು ಪಾಲು ಮಾತ್ರ ಕೈಯಿಂದ ಹಾಕಿ, ಉಳಿದ ಒಂಬತ್ತು ಪಾಲನ್ನು ಬ್ಯಾಂಕಿನಿಂದ ತಂದವನಿಗೆ ಇದರಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ. ಲೆಕ್ಕ ಹಿಡಿದು ನೋಡಿದರೂ ಕೆಟ್ಟದ್ದು, ಈ ಸೀಮೆಯ ಮಣ್ಣು-ಮಳೆ ಹಿಡಿದು ನೋಡಿದರೂ ಕೆಟ್ಟದ್ದು.

ಮೊದಲು ಲೆಕ್ಕ ನೋಡಬೇಕು, ಯಾಕೆಂದರೆ ಸಲಹೆ ಕೊಡುವವರು ಬಿಟ್ಟುಬಿಡುವುದು ಅದನ್ನೇ.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲದಲ್ಲಿ ಬ್ಯಾಂಕು ಮನೆಯ ಮೌಲ್ಯದ ಶೇ 90ರವರೆಗೆ ಕೊಡಬಹುದು. 2015ರ ಅಕ್ಟೋಬರ್‌ಗೆ ಮುಂಚೆ ಈ ಸವಲತ್ತು 20 ಲಕ್ಷದವರೆಗಿನ ಸಾಲಕ್ಕೆ ಮಾತ್ರ ಇತ್ತು. ಕಾಗದದಲ್ಲಿ ‘ಕೊಡಬಹುದು’ ಎಂದಿರುವುದು ಬಜಾರಕ್ಕೆ ಬರುವಷ್ಟರಲ್ಲಿ ‘ಕೊಟ್ಟೇ ಕೊಡ್ತಾರ’ ಆಗಿರುತ್ತದೆ, ಅದಿರಲಿ. ಬೆಟಗೇರಿಯಲ್ಲಿ 22 ಲಕ್ಷಕ್ಕೆ ಒಂದು ಹಳೆಯ ಮನೆ ಕುದುರಿತು ಎಂದು ಹಿಡಿಯೋಣ. ಬ್ಯಾಂಕು 19 ಲಕ್ಷ 80 ಸಾವಿರ ಕೊಟ್ಟಿತು. ಕೊಳ್ಳುವವನು ಹಾಕಬೇಕಾದ್ದು 2 ಲಕ್ಷ 20 ಸಾವಿರ. ‘ಎರಡೂಕಾಲು ಲಕ್ಷಕ್ಕ ಸ್ವಂತ ಮನಿ’ ಎಂಬ ಮಾತು ಹುಟ್ಟುವುದು ಇಲ್ಲಿ.

ಆ ಮಾತು ನೋಂದಣಿ ಕಚೇರಿಯ ಬಾಗಿಲಿನವರೆಗೂ ಬಾಳುವುದಿಲ್ಲ. ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಎಲ್ಲ ಕೂಡಿ ಶೇ 7.6, ಅಂದರೆ ಈ ಮನೆಗೆ 1 ಲಕ್ಷ 67 ಸಾವಿರದ 200 ರೂಪಾಯಿ. ಮನೆಯ ಬೆಲೆ 10 ಲಕ್ಷ ಮೀರಿದರೆ ಈ ಖರ್ಚನ್ನು ಮೌಲ್ಯಕ್ಕೆ ಸೇರಿಸಿ ಸಾಲ ಕೊಡಲು ರಿಸರ್ವ್ ಬ್ಯಾಂಕು ಬಿಡುವುದಿಲ್ಲ. ಅಷ್ಟೂ ಕೈಯಿಂದಲೇ ಹೋಗಬೇಕು. ನೂರಕ್ಕೆ ಎರಡರಂತೆ ದಲಾಲಿ ಹಿಡಿದರೆ ಇನ್ನೊಂದು 44 ಸಾವಿರ. ಬ್ಯಾಂಕಿನ ಪ್ರೊಸೆಸಿಂಗ್ ಫೀ, ವಕೀಲರ ಲೀಗಲ್ ಒಪಿನಿಯನ್, ವ್ಯಾಲ್ಯುಯೇಶನ್, ಮೂವತ್ತು ವರ್ಷದ ಇ.ಸಿ., ಸಿಟಿ ಸರ್ವೆ ಉತಾರ ತೆಗೆಸುವ ಓಡಾಟ. ಎರಡೂಕಾಲು ಲಕ್ಷದ ಮನೆ ನಾಲ್ಕೂವರೆ ಲಕ್ಷದ ಹತ್ತಿರ ಬಂದು ನಿಂತಿತು. ಸಣ್ಣ ಕೈಹಣದವನ ಗಂಟು ಅಲ್ಲಿಗೆ ಖಾಲಿ.

ಹೀಗೆ ಕೈ ಬರಿದಾಗಿ ನಿಂತವನಿಗೇ ‘ಇನ್ನೊಂದು ಐದು ಲಕ್ಷದ್ದು ಕೆಲಸ ಮಾಡಸ್ರಿ’ ಎಂದು ಹೇಳಲಾಗುತ್ತದೆ. ಆ ಐದು ಲಕ್ಷ ಎಲ್ಲಿಂದ ಬರಬೇಕು?

ಮೊದಲು ತೆರೆಯುವ ಬಾಗಿಲು ಪರ್ಸನಲ್ ಲೋನಿನದು. ಮೊಬೈಲಿನಲ್ಲಿ ನಾಲ್ಕು ಗುಂಡಿ ಒತ್ತಿದರೆ ಬರುತ್ತದೆ ಎಂಬುದೇ ಅದರ ದೊಡ್ಡ ಗುಣ, ದೊಡ್ಡ ದೋಷವೂ ಅದೇ. ವರ್ಷಕ್ಕೆ ಶೇ 14 ಬಡ್ಡಿ, ಐದು ವರ್ಷದ ಅವಧಿ ಎಂದುಕೊಂಡರೆ 5 ಲಕ್ಷಕ್ಕೆ ತಿಂಗಳ ಕಂತು 11,634 ರೂಪಾಯಿ. ಮನೆಸಾಲದ 19.8 ಲಕ್ಷಕ್ಕೆ ಶೇ 8.5ರಂತೆ 20 ವರ್ಷಕ್ಕೆ ಕಂತು 17,183. ಎರಡೂ ಕೂಡಿ 28,817. ತಿಂಗಳಿಗೆ 40 ಸಾವಿರ ಕೈಗೆ ಬರುವ ಮನೆಯಲ್ಲಿ ಉಳಿಯುವುದು 11,183 ರೂಪಾಯಿ. ಕಿರಾಣಿ, ಹಾಲು, ಮಕ್ಕಳ ಸಾಲಿ ಫೀ, ಕರೆಂಟು, ಗಾಡಿಗೆ ಪೆಟ್ರೋಲು, ಊರಿನಲ್ಲಿರುವ ತಾಯಿಗೆ ಗುಳಿಗೆ ಎಲ್ಲಕ್ಕೂ ಅಷ್ಟೇ. ಇಂಥ ಮನೆಯಲ್ಲಿ ಒಂದು ಡೆಂಗಿ ಜ್ವರ ಬಂದರೆ ಮೊದಲು ತಪ್ಪುವುದು ಕಂತು. ಭದ್ರತೆಯಿಲ್ಲದ ಈ ಬಗೆಯ ಸಾಲ ಬೆಳೆಯುತ್ತಿರುವ ವೇಗಕ್ಕೆ ಹೆದರಿಯೇ ರಿಸರ್ವ್ ಬ್ಯಾಂಕು 2023ರ ನವೆಂಬರ್‌ನಲ್ಲಿ ಅದರ ಅಪಾಯದ ತೂಕವನ್ನು, ಅಂದರೆ ಆ ಸಾಲಕ್ಕೆ ಎದುರಾಗಿ ಬ್ಯಾಂಕು ಎತ್ತಿಡಬೇಕಾದ ಬಂಡವಾಳದ ಅಳತೆಯನ್ನು, ಶೇ 100ರಿಂದ 125ಕ್ಕೆ ಏರಿಸಿತು. ಮುಂಬಯಿಯಲ್ಲಿ ಕೂತವರಿಗೆ ಕಂಡ ಅಪಾಯ ಟೈಲ್ಸ್ ಅಂಗಡಿಯ ಗಲ್ಲೆಯಲ್ಲಿ ಕೂತವನಿಗೆ ಕಾಣದಿದ್ದರೆ ಆಶ್ಚರ್ಯವಿಲ್ಲ. ಅವನ ಪಾಲಿನ ರೊಕ್ಕ ಮೊದಲ ದಿನವೇ ಸಂದಾಯವಾಗಿರುತ್ತದೆ.

‘ಪರ್ಸನಲ್ ಲೋನ್ ಬ್ಯಾಡ, ಮನಿ ಸಾಲದಾಗ ಸೇರಿಸಿಬಿಡ್ರಿ, ಬಡ್ಡಿ ಕಡಿಮಿ’ ಎನ್ನುವವನು ತನ್ನನ್ನು ಇನ್ನೂ ಜಾಣನೆಂದುಕೊಂಡಿರುತ್ತಾನೆ. ಶೇ 8.5 ಎಲ್ಲಿ, ಶೇ 14 ಎಲ್ಲಿ! ಆದರೆ ಬಡ್ಡಿ ದರವನ್ನಷ್ಟೇ ನೋಡಿ ಅವಧಿಯನ್ನು ಮರೆಯುವುದು ಎತ್ತಿನ ಹಲ್ಲು ಎಣಿಸದೆ ಕೊಂಡಂತೆ. 5 ಲಕ್ಷವನ್ನು 20 ವರ್ಷದ ಸಾಲದಲ್ಲಿ ಸೇರಿಸಿದರೆ ತಿಂಗಳಿಗೆ 4,339 ರೂಪಾಯಿ ಮಾತ್ರ. ಕೇಳಲು ಹಗುರ. ಇಪ್ಪತ್ತು ವರ್ಷಕ್ಕೆ ಕಟ್ಟುವ ಒಟ್ಟು ಮೊತ್ತ 10 ಲಕ್ಷ 41 ಸಾವಿರ, ಅದರಲ್ಲಿ ಬಡ್ಡಿಯೇ 5 ಲಕ್ಷ 41 ಸಾವಿರ. ಶೇ 14ರ ‘ದುಬಾರಿ’ ಸಾಲದಲ್ಲಿ ಐದು ವರ್ಷಕ್ಕೆ ಹೋಗುತ್ತಿದ್ದ ಬಡ್ಡಿ 1 ಲಕ್ಷ 98 ಸಾವಿರ. ಅಗ್ಗದ ಸಾಲ ತುಟ್ಟಿಯಾಯಿತು. ಅಡುಗೆಮನೆಯ ಪ್ಲೈವುಡ್ ಕಪಾಟು ಹತ್ತು ವರ್ಷಕ್ಕೆ ಉಬ್ಬಿ ಬಾಗಿಲು ಕಳಚುತ್ತದೆ. ಅದರ ಕಂತು ಇನ್ನೂ ಹತ್ತು ವರ್ಷ ನಡೆದೇ ಇರುತ್ತದೆ.

ಹಾಗಂತ ಮನೆಸಾಲದಲ್ಲಿ ಸೇರಿಸುವುದಾದರೂ ಹೇಗೆ? ಶೇ 90ರ ಗೆರೆಯನ್ನು ಮುಟ್ಟಿಯಾಗಿದೆ, ಮೇಲೆ ಜಾಗವೇ ಇಲ್ಲ. ಈ ಪ್ರಶ್ನೆಗೆ ಬಜಾರದಲ್ಲಿ ಉತ್ತರವಿದೆ, ಮತ್ತು ಇಡೀ ರೂಢಿಯಲ್ಲಿ ಅತಿ ಕೊಳಕಾದ ಭಾಗ ಅದು: “ಎಗ್ರಿಮೆಂಟ್ ಜಾಸ್ತಿ ಬರಸೂಣ.” 22 ಲಕ್ಷದ ಮನೆಗೆ 27 ಲಕ್ಷ ಬರೆಸಿ, ವ್ಯಾಲ್ಯುವರ್ ಒಪ್ಪಿದರೆ ಹೆಚ್ಚಿನ ಸಾಲ ತೆಗೆದು, ಉಳಿದ ರೊಕ್ಕದಲ್ಲಿ ಟೈಲ್ಸ್ ಹಾಕಿಸುವುದು. ಬರೆಸಿದ ಸುಳ್ಳಿನ ಪ್ರತಿ ಲಕ್ಷಕ್ಕೂ 7,600 ರೂಪಾಯಿ ಸರ್ಕಾರಕ್ಕೆ ಸಲ್ಲಬೇಕು. ಬ್ಯಾಂಕಿಗೆ ಕೊಟ್ಟದ್ದು ಸುಳ್ಳು ಕಾಗದ. ನಾಳೆ ವರ್ಗಾವಣೆಯಾಗಿ ಮನೆ ಮಾರಬೇಕಾಗಿ ಬಂದರೆ ಬಜಾರ ಕೊಡುವುದು 22 ಲಕ್ಷವನ್ನೇ, ಬ್ಯಾಂಕಿಗೆ ತೀರಿಸಬೇಕಾದ್ದು ಅದಕ್ಕಿಂತ ಹೆಚ್ಚು.

ಇದರ ತಿರುಗುಮುರುಗು ಕೂಡ ಈ ಊರುಗಳಲ್ಲಿ ಮಾಮೂಲು. ಮಾರುವವನು ತೆರಿಗೆ ಉಳಿಸಲು 22 ಲಕ್ಷದ ಮನೆಗೆ ಕಾಗದದಲ್ಲಿ 16 ಲಕ್ಷ ತೋರಿಸಬೇಕೆನ್ನುತ್ತಾನೆ. ಆಗ ಬ್ಯಾಂಕು ಲೆಕ್ಕ ಹಾಕುವುದು 16ರ ಮೇಲೆ. ಶೇ 90 ಅಂದರೆ 14 ಲಕ್ಷ 40 ಸಾವಿರ. ಉಳಿದ 7 ಲಕ್ಷ 60 ಸಾವಿರವನ್ನು ಕೈಯಿಂದ, ಅದೂ ಬಹುಪಾಲು ನಗದಾಗಿ ಹೊಂದಿಸಬೇಕು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯಬಾರದು, ಪಡೆದರೆ ಅಷ್ಟೇ ಮೊತ್ತದ ದಂಡ ಎಂಬ ನಿಯಮ 2015ರ ಜೂನ್‌ನಿಂದಲೇ ಇದೆ. ಮಾರುವವನ ತೆರಿಗೆ ಉಳಿಸಲು ಕೊಳ್ಳುವವನು ಕೈಗಡಕ್ಕೆ ಬೀಳುವ ಈ ಪದ್ಧತಿಗೆ ‘ಹೊಂದಾಣಿಕಿ’ ಎಂದು ಹೆಸರು.

ಮೂರನೆಯ ಬಾಗಿಲು ಟಾಪ್-ಅಪ್ ಸಾಲ. ‘ಒಂದು ವರ್ಷ ಕಂತು ಕಟ್ರಿ, ಆಮ್ಯಾಲೆ ಟಾಪ್-ಅಪ್ ಕೊಡ್ತಾರ’ ಎಂಬ ಭರವಸೆಯ ಮೇಲೆ ಗೌಂಡಿಗೆ ಈಗಲೇ ಉದ್ರಿ ಕೆಲಸ ಒಪ್ಪಿಸಿದವರಿದ್ದಾರೆ. ಮೇಲಿನ ಸಾಲದಲ್ಲಿ ಮೊದಲ ವರ್ಷ ಕಟ್ಟುವ ಒಟ್ಟು ಕಂತು 2 ಲಕ್ಷ 6 ಸಾವಿರ. ಅದರಲ್ಲಿ ಅಸಲಿಗೆ ಹೋಗುವುದು ಸುಮಾರು 39,400 ರೂಪಾಯಿ ಮಾತ್ರ, ಉಳಿದದ್ದೆಲ್ಲ ಬಡ್ಡಿ. ಶೇ 90ಕ್ಕೆ ಮುಟ್ಟಿದ್ದ ಸಾಲ ವರ್ಷದ ಕೊನೆಗೆ ಶೇ 88ರ ಆಸುಪಾಸಿನಲ್ಲಿರುತ್ತದೆ. ನಿಯಮ ಪಾಲಿಸುವ ಬ್ಯಾಂಕು ಆ ಸಂದಿನಲ್ಲಿ ಐದು ಲಕ್ಷ ಕೊಡಲಾರದು. ಕೊಡುವವರು ನಿಯಮ ಮುರಿಯುತ್ತಿದ್ದಾರೆ ಎಂದೇ ಅರ್ಥ. 2024ರ ಆಗಸ್ಟ್‌ನ ಹಣಕಾಸು ನೀತಿಯ ಭಾಷಣದಲ್ಲಿ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಬೆರಳು ತೋರಿಸಿದ್ದು ಇದರತ್ತಲೇ: ಟಾಪ್-ಅಪ್ ಸಾಲಗಳಲ್ಲಿ ಮೌಲ್ಯದ ಮಿತಿ, ಹಣದ ಬಳಕೆಯ ನಿಗಾ ಎರಡೂ ಸಡಿಲವಾಗುತ್ತಿವೆ ಎಂದು.

ತೆರಿಗೆ ಉಳಿಯುತ್ತದೆ ಎನ್ನುವ ಸಮರ್ಥನೆಯನ್ನು ಎರಡೇ ಸಾಲಿನಲ್ಲಿ ಮುಗಿಸಬಹುದು. ಹಳೆಯ ಪದ್ಧತಿಯಲ್ಲಿ ವಾಸದ ಮನೆ ಕೊಂಡ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದ್ದರೆ, ದುರಸ್ತಿ ಸಾಲದ ಬಡ್ಡಿಗೆ ಇರುವುದು 30,000 ಮಾತ್ರ, ಅದೂ ಆ 2 ಲಕ್ಷದ ಒಳಗೆ. ಹೊಸ ಪದ್ಧತಿಯಲ್ಲಿ ವಾಸದ ಮನೆಗೆ ಎರಡೂ ಇಲ್ಲ, ಮತ್ತು ತಿಂಗಳಿಗೆ 40 ಸಾವಿರ ದುಡಿಯುವವನಿಗೆ ಆ ಪದ್ಧತಿಯಲ್ಲಿ ತೆರಿಗೆಯೇ ಬರುವುದಿಲ್ಲ.

ಸಬ್ಸಿಡಿಯ ಮಾತೂ ಹೆಚ್ಚು ದೂರ ಹೋಗುವುದಿಲ್ಲ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೆಯ ಆವೃತ್ತಿಯಲ್ಲಿ ಬಡ್ಡಿ ಸಹಾಯಧನ ಇದೆ, ಅರ್ಹರು ತಪ್ಪದೆ ಪಡೆಯಬೇಕು. ಆದರೆ ಗರಿಷ್ಠ 1 ಲಕ್ಷ 80 ಸಾವಿರವೆಂಬ ಅದು ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಜಮಾ ಆಗುತ್ತದೆ. ವರ್ಷಕ್ಕೆ 36 ಸಾವಿರ, ಕೈಗೆ ಸಿಗದ ರೊಕ್ಕ. ಅದನ್ನು ನಂಬಿ ಪಿಓಪಿ ಮಾಡಿಸಲಾಗದು.

ಇನ್ನು ಉಳಿದದ್ದು ಬಂಗಾರ ಮತ್ತು ಬಡ್ಡಿಲೆ ರೊಕ್ಕ. ಹೆಂಡತಿಯ ಕೊರಳಿನದು ಅಡವಿಟ್ಟು ಗ್ರಾನೈಟ್ ಕಟ್ಟೆ ಹಾಕಿಸುವುದು ಆ ಹೆಂಡತಿಗೇ ಸಂತೋಷ ಕೊಡುವ ಮಾತೇ ಎಂದು ಕೇಳಿ ನೋಡಬೇಕು. ಬಡ್ಡಿ ರೊಕ್ಕದ ಕತೆಯಂತೂ ಗದಗಿನವರಿಗೆ ಯಾರೂ ಹೇಳಬೇಕಾಗಿಲ್ಲ. 2025ರ ಫೆಬ್ರವರಿಯಲ್ಲಿ ಅವಳಿ ನಗರದಲ್ಲಿ ಬಡ್ಡಿ ವ್ಯವಹಾರದ ಮೇಲೆ ಪೊಲೀಸರು ದಾಳಿ ಮಾಡಿದಾಗ ಕೋಟಿಗಟ್ಟಲೆ ನಗದು ಸಿಕ್ಕಿತು. ಅದೇ ತಿಂಗಳ 12ರಂದು ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯದಲ್ಲಿ ಸುಗ್ರೀವಾಜ್ಞೆ ಹೊರಟಿತು. ಅಷ್ಟು ನಗದು ಒಂದೆಡೆ ಕೂಡಿದ್ದು ಮದುವೆ, ಆಸ್ಪತ್ರೆ, ಬೆಳೆ, ವ್ಯಾಪಾರ, ಮನೆ ಎಂದು ನೂರು ಕಡೆಯಿಂದ ಬಂದ ಬಡ್ಡಿಯಿಂದ.

ವಿಪರ್ಯಾಸವೆನ್ನಬೇಕೋ ಏನೋ, ಬಡ್ಡಿ ವ್ಯಾಪಾರದಿಂದ ಜನರನ್ನು ಬಿಡಿಸುವ ಕೆಲಸ ದೇಶದಲ್ಲಿ ಮೊದಮೊದಲು ಕಾನೂನಿನ ರೂಪ ಪಡೆದ ಜಾಗಗಳಲ್ಲೊಂದು ಈ ಊರಿನ ಬಗಲಲ್ಲೇ ಇದೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲನೆಯದೆಂದು ಹೇಳಲಾಗುವ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಪತ್ತು ಎಂದರೆ ನಂಬಿಕೆ. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು, ಯಾವ ಸುಗ್ಗಿಗೆ ತೀರುತ್ತದೆ ಎಂದು ಊರವರೇ ಕೂತು ಕೇಳಿ ಕೊಡುವುದು ಅಂಥ ಸಂಘಗಳ ಕ್ರಮ. ಈಗಿನ ಸಾಲದ ಏಜೆಂಟ ಕೇಳುವುದು ಆಧಾರ್ ಮತ್ತು ಪ್ಯಾನ್.

ಲೆಕ್ಕ ಅಲ್ಲಿಗಿರಲಿ, ನೆಲಕ್ಕೆ ಬರೋಣ. ‘ಒಮ್ಮೆಲೆ ಮುಗಿಸಿಬಿಡ್ರಿ’ ಎಂಬ ಮಾತು ಯಾವ ಸೀಮೆಯಲ್ಲಿ ಹುಟ್ಟಿತೋ ತಿಳಿಯದು. ಎರೆ ಸೀಮೆಯಲ್ಲಂತೂ ಹುಟ್ಟಿರಲಾರದು. ಗದಗ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಕಪ್ಪು ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಹೊಲದಲ್ಲಿ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ ಮಣ್ಣು ಮನೆಯ ಪಾಯದ ಕೆಳಗೆ ಸುಮ್ಮನಿರುತ್ತದೆಯೇ? ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಬಾಗಿಲಿನ ಚೌಕಟ್ಟು ಹಿಡಿದುಕೊಳ್ಳುವುದು, ಮಧ್ಯದಲ್ಲಿ ನೆಲ ಕುಸಿಯುವುದು, ಇವೆಲ್ಲ ಆ ಮಣ್ಣಿನ ಉಸಿರಾಟ. ಕಪ್ಪತಗುಡ್ಡದ ಸೆರಗಿನ ಶಿರಹಟ್ಟಿ ಕಡೆಯ ಮಸಾರಿ ನೆಲದಲ್ಲಿ ಈ ಕಾಟ ಕಡಿಮೆ. ಹಾಗಾಗಿ ಶಿರಹಟ್ಟಿಯ ಮನೆಗೆ ಒಪ್ಪುವ ಬುದ್ಧಿಮಾತು ಮುಂಡರಗಿಗೆ ಒಪ್ಪಬೇಕೆಂದಿಲ್ಲ. ಒಂದು ಮನೆ ಎಲ್ಲಿ ಬಿರಿಯುತ್ತದೆ, ಎಲ್ಲಿ ಸೋರುತ್ತದೆ ಎಂದು ತಿಳಿಯಲು ಒಂದು ಮಳೆಗಾಲ, ಒಂದು ಬೇಸಿಗೆ ಅದರೊಳಗೆ ಬಾಳಬೇಕು.

ಇಲ್ಲಿಯ ದೊಡ್ಡ ಮಳೆ ಜೂನ್‌ನದಲ್ಲ. ವರ್ಷಕ್ಕೆ ಸುಮಾರು 600 ಮಿ.ಮೀ. ಬೀಳುವುದರಲ್ಲಿ ಜೋರಿನ ಪಾಲು ಹುಬ್ಬಿ, ಉತ್ತರಿ, ಹಸ್ತದ್ದು. 2009ರಲ್ಲಿ ಉತ್ತರ ಕರ್ನಾಟಕದ ಸಾವಿರಾರು ಮಣ್ಣಿನ ಮನೆಗಳು ಕುಸಿದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ, ಹಸ್ತ ಮಳೆಗೆ. ಯುಗಾದಿ ಮುಂದೆ ಮನೆ ಕೊಂಡು, ಬಸವ ಜಯಂತಿಯ ಹೊತ್ತಿಗೆ ಟೈಲ್ಸ್, ಪಿಓಪಿ, ಬಣ್ಣ ಮುಗಿಸಿ, ಪೇಡೆ ಹಂಚಿ ಒಳಗೆ ಹೊಕ್ಕವನಿಗೆ ಮನೆಯ ನಿಜವಾದ ಪರಿಚಯ ಆಗುವುದು ಸೆಪ್ಟೆಂಬರ್‌ನಲ್ಲಿ. ಪಿಓಪಿಯ ಮೇಲೆ ಹಳದಿ ಕಲೆ ಮೂಡುತ್ತದೆ. ಸೋರುವ ಜಾಗ ಹುಡುಕಲು ಆ ಪಿಓಪಿಯನ್ನೇ ಒಡೆಯಬೇಕು. ಅಷ್ಟೊತ್ತಿಗೆ ಪರ್ಸನಲ್ ಲೋನಿನ ಆರು ಕಂತು ಕಟ್ಟಿಯಾಗಿರುತ್ತದೆ, ಐವತ್ತನಾಲ್ಕು ಬಾಕಿ.

ಹಳೆಯ ಮನೆಗಳಿಗೆ ಅವುಗಳದೇ ಗುಟ್ಟುಗಳಿವೆ. ಲಕ್ಷ್ಮೇಶ್ವರದ ಹಳೆ ಓಣಿಗಳಲ್ಲೂ ಬೆಟಗೇರಿಯಲ್ಲೂ ಮಣ್ಣಿನ ಮೇಲ್ಮುದ್ದೆಯ ಮನೆಗಳು ಇನ್ನೂ ಮಾರಾಟಕ್ಕೆ ಬರುತ್ತವೆ. ಬೆಲೆ ಕಡಿಮೆ, ಆದ್ದರಿಂದ ಸಣ್ಣ ಕೈಹಣದವರ ಕಣ್ಣು ಮೊದಲು ಬೀಳುವುದು ಅವುಗಳ ಮೇಲೆಯೇ. ತೊಲೆ, ಜಂತಿ, ಅದರ ಮೇಲೆ ಮಣ್ಣು, ಮೇಲೆ ಸವಳು ಮಣ್ಣು. ಮಳೆಗಾಲಕ್ಕೆ ಮುಂಚೆ ಆ ಸವಳನ್ನು ಹೊಸದಾಗಿ ಹಾಕಿ ಒಪ್ಪ ಮಾಡುವ ಮನೆಗೆ ದಕ್ಕಿದ ತಂಪು ಯಾವ ಸ್ಲ್ಯಾಬಿಗೂ ದಕ್ಕಿಲ್ಲ. ಅದರ ಮೇಲೆ ‘ಪಕ್ಕಾ’ ಆಗಲಿ ಎಂದು ಸಿಮೆಂಟ್ ಕಾಂಕ್ರೀಟು ಸುರಿಯುವವರಿದ್ದಾರೆ. ಜಂತಿಗಳ ಮೇಲೆ ಭಾರ ಏರುತ್ತದೆ, ಒಳಗಿನ ತೇವ ಆರುವುದಿಲ್ಲ, ಕಟ್ಟಿಗೆ ಒಳಗೊಳಗೇ ಕೊಳೆಯುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವ ಮಾಡಿದರೂ ಅದೇ ಗತಿ. ಸಾಲ ಮಾಡಿ ಮನೆಯನ್ನು ಕೆಡಿಸುವುದು ಎಂದರೆ ಇದೇ. ಇನ್ನು ನೆಲ: ಬೆಟಗೇರಿಯಲ್ಲಿ ನೇಕಾರರ ಮನೆಯಾಗಿದ್ದರೆ ಒಳಗೆ ಕುಣಿ ಮಗ್ಗ ಇದ್ದಿರಬಹುದು, ರೈತರ ಮನೆಯಾಗಿದ್ದರೆ ಜೋಳ ತುಂಬುತ್ತಿದ್ದ ಹಗೇವು ಇದ್ದಿರಬಹುದು. ಮಾರುವ ಮುಂಚೆ ತುಂಬಿ ಮುಚ್ಚಿದ ಆ ಕುಣಿಯ ಮಣ್ಣು ಕೂಡಲು ಒಂದೆರಡು ಮಳೆ ಬೇಕು. ಅದರ ಮೇಲೆ ಮೊದಲ ತಿಂಗಳೇ ಎರಡಡಿ ಚೌಕದ ಹೊಳಪಿನ ಟೈಲ್ಸ್ ಹಾಸಿದರೆ ಯಾವುದು ಮೊದಲು ಒಡೆಯುತ್ತದೆಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಕಿತ್ತು ಹಾಕಿದ ಶಹಾಬಾದ್ ಫರಸಿ ನೂರು ವರ್ಷ ಬಾಳುವ ಕಲ್ಲಾಗಿತ್ತು ಎಂಬುದು ಬೇರೆ ಮಾತು.

ಈ ರೂಢಿಯ ಪರವಾಗಿಯೂ ಒಂದೆರಡು ಗಟ್ಟಿ ವಾದಗಳಿವೆ, ಅವನ್ನು ಮುಚ್ಚಿಡಬೇಕಿಲ್ಲ. ಮನೆ ಖಾಲಿ ಇದ್ದಾಗ ಕೆಲಸ ಸಲೀಸು, ನಿಜ. ವಾಸವಿದ್ದ ಮನೆಯಲ್ಲಿ ಗೋಡೆ ಕೊರೆದು ವೈರಿಂಗ್ ಬದಲಿಸುವುದು, ಬಚ್ಚಲ ಪೈಪು ಕೀಳುವುದು ನರಕ. ಹಾಗಾದರೆ ಅಷ್ಟನ್ನೇ ಮೊದಲು ಮಾಡಿಸಲಿ. ಹಳೆಯ ವೈರು ಜೀವಕ್ಕೆ ಅಪಾಯ. ನಳದ ನೀರಿಗೆ ದಿನಗಟ್ಟಲೆ ಕಾಯುವುದೇ ವಾಡಿಕೆಯಾದ ಗದಗ-ಬೆಟಗೇರಿಯಲ್ಲಿ ನೆಲದೊಳಗಿನ ಟಾಕಿ ಇಲ್ಲದ ಮನೆ ಅರ್ಧ ಮನೆ. ವೈರು, ಪೈಪು, ಟಾಕಿ, ಸೋರುವ ಮಾಳಿಗೆ, ಭದ್ರವಾದ ಒಂದು ಬಾಗಿಲು: ಇಷ್ಟು ದುರಸ್ತಿ. ಉಳಿದದ್ದು ಅಲಂಕಾರ. ‘ಇಂಪ್ರೂಮೆಂಟ್’ ಎಂಬ ಒಂದೇ ಚೀಲದಲ್ಲಿ ಎರಡನ್ನೂ ತುಂಬಿ ತೂಗುವುದರಿಂದಲೇ ಮೋಸ ಶುರುವಾಗುತ್ತದೆ.

ತಡ ಮಾಡಿದರೆ ಸಾಮಾನಿನ ದರ ಏರುತ್ತದೆ ಎಂಬುದು ಇನ್ನೊಂದು ವಾದ. ಗೌಂಡಿಯ ಪಗಾರ ಏರುತ್ತದೆ, ಸರಿ. ಆದರೆ ಸಾಲದ ಬಡ್ಡಿಯೂ ಒಂದು ದರವೇ, ಅದನ್ನು ಪ್ರತಿ ತಿಂಗಳು ತಪ್ಪದೆ ತೆರಬೇಕು. ಮೇಲಾಗಿ ಸಾಮಾನಿನ ದರ ಇಳಿಯುವುದೂ ಉಂಟು: 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅವಸರದಲ್ಲಿ ಆಗಸ್ಟ್‌ನಲ್ಲೇ ಸಾಲ ತಂದು ಗಿಲಾವ ಮುಗಿಸಿದವನು ಒಂದು ತಿಂಗಳ ಅಂತರದಲ್ಲಿ ಎರಡೂ ಕಡೆ ಸೋತ.

ಮೂರನೆಯದು ಹೇಳದೇ ಹೇಳುವ ವಾದ, ಬಹುಶಃ ಎಲ್ಲಕ್ಕಿಂತ ಬಲವಾದದ್ದು: ವಾಸ್ತುಶಾಂತಿಗೆ ಬಂದ ಬೀಗರು ಏನಂದಾರು? ಬಂದವರು ಉಂಡು ಸಂಜೆಯ ಬಸ್ಸಿಗೆ ಹೋಗುತ್ತಾರೆ. ಅವರು ನಾಲ್ಕು ತಾಸು ನೋಡುವ ಗೋಡೆಗೆ ಅರವತ್ತು ತಿಂಗಳ ಕಂತು.

ಈ ನಾಡಿನ ಹಿರಿಯರು ಮನೆಯನ್ನು ಅಂಕಣದ ಲೆಕ್ಕದಲ್ಲಿ ಕಟ್ಟಿದರು. ಮೂರಂಕಣದ ಮನಿ, ಐದಂಕಣದ ಮನಿ ಎಂದು ಈಗಲೂ ಹೇಳುತ್ತಾರೆ. ಹೆಸರು ಬೆಳೆ ಚೆನ್ನಾಗಿ ಬಂದ ವರ್ಷ ಪಡಸಾಲೆ, ಮೆಣಸಿನಕಾಯಿಗೆ ದರ ಸಿಕ್ಕ ವರ್ಷ ಹಿಂದಿನ ಅಂಕಣ, ಬರ ಬಿದ್ದರೆ ಏನೂ ಇಲ್ಲ. ದುಡಿಮೆ ಸುಗ್ಗಿಯದು, ಆದ್ದರಿಂದ ಕಟ್ಟುವುದೂ ಸುಗ್ಗಿಯ ಪ್ರಕಾರ. ಇಂದು ಅದೇ ರೈತ, ಅದೇ ನೇಕಾರ, ಅದೇ ಅಂಗಡಿಕಾರ ತಿಂಗಳ ಕಂತಿನ ಸಾಲಕ್ಕೆ ಸಹಿ ಹಾಕುತ್ತಾನೆ. ಉಳ್ಳಾಗಡ್ಡಿ ದರ ಬಿದ್ದ ವರ್ಷ ಕಂತು ಬೀಳುವುದಿಲ್ಲ. ಪಗಾರದ ಚೀಟಿ ಇಲ್ಲದ ಇಂಥವರಿಗೆ ದೊಡ್ಡ ಬ್ಯಾಂಕುಗಳು ಹಿಂದೇಟು ಹಾಕಿದಾಗ ಹೆಚ್ಚಿನ ಬಡ್ಡಿಯ ಕಂಪನಿಗಳ ಕಡೆ ಹೋಗಬೇಕಾಗುತ್ತದೆ, ಆಗ ಮೇಲಿನ ಲೆಕ್ಕ ಇನ್ನೂ ಕಟುವಾಗುತ್ತದೆ.

ಹಂತಹಂತವಾಗಿ ಕಟ್ಟುವುದು ಬರೀ ಬಡತನದ ಪದ್ಧತಿ ಎಂದು ತಿಳಿಯಬೇಕಿಲ್ಲ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ಸರ್ಕಾರ ಘೋಷಿಸಿದ 5 ಲಕ್ಷ ಒಂದೇ ಗಂಟಿನಲ್ಲಿ ಬರಲಿಲ್ಲ. ಕಟ್ಟಡ ಏರಿದಂತೆ ಬಂತು. ರಾಜೀವ್ ಗಾಂಧಿ ವಸತಿ ನಿಗಮದ ಮನೆಗಳಿಗೂ ಪಾಯ, ಗೋಡೆ, ಚಾವಣಿ ಎಂದು ಹಂತಕ್ಕೊಂದು ಫೋಟೊ ತೆಗೆದ ಮೇಲೆಯೇ ಬಿಲ್ಲು. ಫಲಾನುಭವಿಗಳು ಇದನ್ನು ಬೈಯುತ್ತಾರೆ, ತಡವಾದಾಗ ಬೈಯುವುದು ನ್ಯಾಯವೂ ಹೌದು. ಆದರೆ ರೊಕ್ಕ ಕೆಲಸದ ಹಿಂದೆ ನಡೆಯಬೇಕು ಎಂಬ ತತ್ವ ಸರಿಯಾದದ್ದು. ಮನೆ ದುರಸ್ತಿಗೆಂದೇ ಬ್ಯಾಂಕುಗಳು ಕೊಡುವ ಸಾಲವೂ ಎಸ್ಟಿಮೇಟು ನೋಡಿ ಹಂತವಾಗಿಯೇ ಬಿಡುಗಡೆಯಾಗುತ್ತದೆ. ಏಜೆಂಟರು ಅದನ್ನು ಜನರ ಮುಂದೆ ಇಡುವುದು ಕಡಿಮೆ, ಯಾಕೆಂದರೆ ಅದರಲ್ಲಿ ಓಡಾಟ ಹೆಚ್ಚು.

ಹಾಗಾದರೆ ಸಣ್ಣ ಕೈಹಣದವನು ಮಾಡಬೇಕಾದ್ದೇನು? ದುರಸ್ತಿಯ ಖರ್ಚನ್ನು ಮನೆಯ ಬೆಲೆಯೊಳಗೇ ಎಣಿಸಬೇಕು. 22 ಲಕ್ಷದ ಮನೆಗೆ 2 ಲಕ್ಷದ ದುರಸ್ತಿ ಬೇಕೆಂದರೆ ಅವನು ನೋಡಬೇಕಾದ್ದು 20 ಲಕ್ಷದ ಮನೆ, ಇಲ್ಲವೇ ಅದೇ ಮನೆಯನ್ನು 20ಕ್ಕೆ ಇಳಿಸಬೇಕು. ಸೋರುವ ಮಾಳಿಗೆ, ಬಿರಿದ ಗೋಡೆ, ಇಲ್ಲದ ಟಾಕಿ ಎಲ್ಲವೂ ಚೌಕಾಶಿಯ ಸರಕು. ಸಂಚಕಾರ ಕೊಡುವ ಮುಂಚೆ ಇವು ಬೆಲೆ ಇಳಿಸುತ್ತವೆ, ಕೊಟ್ಟ ಮೇಲೆ ಸಾಲ ಏರಿಸುತ್ತವೆ. ಇ-ಖಾತೆ ಸರಿಯಿದೆಯೇ, ಹಿಂದೆ ಕಟ್ಟಿದ ಕೋಣೆಗೆ ಪರವಾನಗಿ ಇದೆಯೇ ಎಂದೂ ಆಗಲೇ ನೋಡಬೇಕು. ಬಿ-ಖಾತೆಯ ಆಸ್ತಿಗೆ ಮುಂದೆ ಸಾಲ ಹುಟ್ಟುವುದು ಕಷ್ಟ, ಪರವಾನಗಿಯಿಲ್ಲದ ಕೋಣೆಗೆ ಬ್ಯಾಂಕಿನ ವ್ಯಾಲ್ಯುವರ್ ಬೆಲೆ ಕಟ್ಟುವುದಿಲ್ಲ. ಅಂಥ ಕೋಣೆಗೆ ಹಾಕಿದ ಟೈಲ್ಸ್ ಕಾಗದದ ಲೆಕ್ಕದಲ್ಲಿ ಇಲ್ಲದ ಟೈಲ್ಸ್.

ಉಳಿದ ಅಲಂಕಾರಕ್ಕೆ ಪಿಗ್ಮಿ ಇದೆ, ಬಿಶಿ ಇದೆ. ದಿನಕ್ಕೆ ನೂರು ರೂಪಾಯಿ ಪಿಗ್ಮಿ ಕಟ್ಟಿದರೆ ವರ್ಷಕ್ಕೆ 36,500. ಒಂದು ವರ್ಷ ಅಡುಗೆಮನೆ, ಮುಂದಿನ ವರ್ಷ ಪಡಸಾಲೆ. ಯಾವುದಾದರೂ ವರ್ಷ ಹೆಚ್ಚು ಉಳಿದರೆ ಅದನ್ನು ಟೈಲ್ಸ್‌ಗೆ ಹಾಕುವುದಕ್ಕಿಂತ ಮನೆಸಾಲದ ಅಸಲಿಗೆ ತುಂಬುವುದು ಲೇಸು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ, 2012ರಿಂದಲೇ.

ಈ ಹಂಗಾಮಿನಲ್ಲಿ ಸಂಚಕಾರ ಕೊಡಲು ಹೊರಟವರು ಒಂದು ಕೆಲಸ ಮಾಡಬಹುದು. ದಲಾಲಿಯನ್ನು ಬಿಟ್ಟು, ತಮ್ಮ ಗುರುತಿನ ಒಬ್ಬ ಹಿರಿಯ ಗೌಂಡಿಯನ್ನು ಕರೆದುಕೊಂಡು ಹೋಗಿ ಆ ಮನೆಯ ಮಾಳಿಗೆ ಹತ್ತಿಸಲಿ. ಅವನ ಒಂದು ದಿನದ ಪಗಾರ ಕೊಡಲಿ. ಮಳೆ ಬಂದ ಮರುದಿನವೇ ಹೋದರೆ ಇನ್ನೂ ಒಳ್ಳೆಯದು.